ಕಲ್ಲಚ್ಚಿನಲ್ಲಿ ಸುದ್ದಿ ತಂದ ಮೋಗ್ಲಿಂಗ್

ಕ್ಯಾಂಪಸ್ ಇಂಟರ್‌ವ್ಯೂ ಅಂದ್ರೆ ನಮಗೆ ಬ್ಯಾಂಕು, ಬಿಲ್ಲಿಂಗು, ಆನ್‌ಲೈನ್ ಶಾಪಿಂಗು ಇಷ್ಟೇ ನೆನಪಾಗುತ್ತೆ. ಪತ್ರಿಕಾ ಕಚೇರಿಗೂ ಸಾಫ್ಟ್‌ವೇರ್ ಇಂಜಿನಿಯರುಗಳು ಬೇಕು ಅನ್ನೋದು ಹೊಳೆಯೋದೇ ಇಲ್ಲ. ವರದಿಗಾರ ಕಳಿಸಿದ ಸುದ್ದಿ ಸಂಪಾದಕರ ಕೈದಾಟಿ, ಪುಟವಾಗಿ, ವೆಬ್‌ಸೈಟಿಗೂ ಏರಬೇಕಾದ್ರೆ ನಡುವೆ ಯಾರೋ ಒಂದು ಸಾಧನ ಕಟ್ಟಿಕೊಟ್ಟಿರಬೇಕಲ್ವಾ? ಕನ್ನಡದಲ್ಲಂತೂ ಈ ಕೆಲಸ ಇನ್ನೂ ತೊಡಕಿನದು. ಹಳೆಯ ಫಾಂಟಿನಲ್ಲಿ ಕಟ್ಟಿದ ಬರಹವನ್ನು ಹಾಗೇ ವೆಬ್ಬಿಗೆ ಹಾಕಿದ್ರೆ ಓದಲಾಗದ ಅಕ್ಷರಗಳ ಕಲಸುಮೇಲೋಗರ. ಅದನ್ನು ಯೂನಿಕೋಡಿಗೆ ತರೋವಾಗ ಒತ್ತಕ್ಷರ ಬಂದಲ್ಲೆಲ್ಲ ತಲೆನೋವು. ಈ ತಲೆನೋವನ್ನು ಕಂಪ್ಯೂಟರಿಗಿಂತ ಬಹಳ ಮುಂಚೆಯೇ ಎದುರಿಸಿದವರು ಹರ್ಮನ್ ಮೋಗ್ಲಿಂಗ್. ಜುಲೈ 1ರಂದು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ ಆಚರಿಸೋದು ಅವರ ಪತ್ರಿಕೆಯ ನೆನಪಿಗೇ.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ. ಟ್ಯೂಬಿಂಗನ್‌ನಲ್ಲಿ ಓದಿದ್ದು ದೇವತಾಶಾಸ್ತ್ರ, ಇಂಜಿನಿಯರಿಂಗ್ ಅಲ್ಲ. 1836ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಮಂಗಳೂರಿಗೆ ಬಂದರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡೋದು ಬೇಡ, ಅವರೂ ಮುಚ್ಚಿಡಲಿಲ್ಲ. ಆದರೆ ಜನರ ಜೊತೆ ಮಾತಾಡಬೇಕಾದ್ರೆ ಜನರ ಭಾಷೆ ಬೇಕು ಅಂತ ಕನ್ನಡ ಕಲಿತವರು, ಕಲಿತು ಅಲ್ಲಿಗೇ ನಿಲ್ಲಲಿಲ್ಲ.

ಆಗ ಕನ್ನಡಕ್ಕೆ ಅಚ್ಚುಮೊಳೆ ಇರಲಿಲ್ಲ ಅಂತಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ 1817ರಲ್ಲೇ ಅಚ್ಚಾಗಿತ್ತು. ಆದರೆ ಮೊಳೆ ಎರಕ ಹೊಯ್ಯೋದು ಅಂದ್ರೆ ಹುಡುಗಾಟವಲ್ಲ. ಇಂಗ್ಲಿಷಿಗೆ 26 ಅಕ್ಷರ, ಅದರ ದೊಡ್ಡದು ಚಿಕ್ಕದು, ಒಂದಷ್ಟು ಚಿಹ್ನೆ ಇದ್ದರೆ ಸಾಕು. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತು ಬೇಕು, ಒತ್ತು ಅಕ್ಷರದ ಕೆಳಗೆ ಸರಿಯಾಗಿ ಕೂರಬೇಕು. ಲೆಕ್ಕ ನೂರು ದಾಟಿ ಎಲ್ಲಿಗೋ ಹೋಗುತ್ತೆ.

ಮಂಗಳೂರಿನ ಮಿಷನ್‌ನವರು ಈ ಲೆಕ್ಕವನ್ನೇ ಬದಿಗಿಟ್ಟು 1841ರಲ್ಲಿ ಕಲ್ಲಚ್ಚಿನ ಯಂತ್ರ ತಂದರು. ಇದು ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದಲ್ಲಿ ಕಂಡುಹಿಡಿದ ವಿಧಾನ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ತಿರುಗುಮುರುಗಾಗಿ ಮೂಡಬೇಕು. ಆಮೇಲೆ ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದ್ರೆ, ಒದ್ದೆ ಜಾಗ ಮಸಿ ಹಿಡಿಯಲ್ಲ, ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತೆ. ಕಾಗದ ಒತ್ತಿದ್ರೆ ಪುಟ ತಯಾರು. ಎಣ್ಣೆಗೂ ನೀರಿಗೂ ಆಗಿಬರಲ್ಲ ಅನ್ನೋದರ ಮೇಲೆ ನಿಂತ ವಿದ್ಯೆ, ಅಷ್ಟೆ! ಕೈಯಲ್ಲಿ ಬರೆಯೋಕಾಗೋ ಯಾವ ಒತ್ತಕ್ಷರವನ್ನೂ ಕಲ್ಲು ಬೇಡ ಅನ್ನಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪುಟವನ್ನು ಟೆಕ್ಸ್ಟ್ ಆಗಿ ಅಲ್ಲ, ಇಮೇಜ್ ಆಗಿ ಕಳಿಸಿದ ಹಾಗೆ.

ಹೀಗೆ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಬಂತು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಮೋಗ್ಲಿಂಗ್ ಸಂಪಾದಕರು. ಊರ ವರ್ತಮಾನ, ಕಂಪನಿ ಸರ್ಕಾರದ ನಿರೂಪ, ಬೇರೆ ರಾಜ್ಯಗಳ ಸುದ್ದಿ, ಕತೆ, ದಾಸರ ಪದ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಸೊರಬ ತಾಲೂಕಿನ ಹೊಸಬಾಳೆಯಲ್ಲಿ ಕೂತು ನಾವೀಗ ತಾಲೂಕಾಫೀಸಿನ ಸುದ್ದಿಯನ್ನೂ ಅಮೆರಿಕದ ಸುದ್ದಿಯನ್ನೂ ಒಂದೇ ಬೆರಳಲ್ಲಿ ಸರಿಸ್ತೀವಿ. ಕನ್ನಡದಲ್ಲಿ ಇವೆರಡನ್ನೂ ಒಂದೇ ಹಾಳೆಗೆ ಮೊದಲು ತಂದದ್ದು ಆ ನಾಲ್ಕು ಪುಟಗಳು.

ಕಲ್ಲಿಗೂ ಮಿತಿ ಇತ್ತು. ಪ್ರತಿ ಸಂಚಿಕೆಗೂ ಪೂರ್ತಿ ಹೊಸದಾಗಿ ಬರೆಯಬೇಕು. ಮೊಳೆಯಾದ್ರೆ ಬಿಚ್ಚಿ ಮತ್ತೆ ಜೋಡಿಸಬಹುದು. ಕಲ್ಲನ್ನು ಉಜ್ಜಿ ಅಳಿಸಬೇಕು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡಿತು, ಮೊಳೆಯಲ್ಲಿ ಅಚ್ಚಾಯಿತು. ಹೆಚ್ಚು ಕಾಲ ಬಾಳಲಿಲ್ಲ.

ಪತ್ರಿಕೆ ನಿಂತರೂ ಕಲ್ಲು ನಿಲ್ಲಲಿಲ್ಲ ಅನ್ನೋದು ನಮಗೆ ಇಷ್ಟವಾದ ಸಂಗತಿ. ಕಂಪನಿ ಅಧಿಕಾರಿ ಕ್ಯಾಸಮೇಜರ್ ಕೊಟ್ಟ ಹಣದಿಂದ ಮೋಗ್ಲಿಂಗ್ 1848ರಿಂದ ಮುಂದಕ್ಕೆ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯನ್ನು ಅದೇ ಕಲ್ಲಚ್ಚಿನಲ್ಲಿ ತಂದರು. ಓಲೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಪುಸ್ತಕವಾದವು. ಮತಪ್ರಚಾರಕ್ಕೆ ಬಂದವರು ದಾಸರ ಪದ ಅಚ್ಚುಹಾಕಿದ್ದು! ಈ ಸಾಹಿತ್ಯಸೇವೆಗೆ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಅಷ್ಟರಲ್ಲಿ ಮಂಗಳೂರಿಗೂ ಮೊಳೆ ಬಂದಿತ್ತು. ಸಹೋದ್ಯೋಗಿ ವೈಗ್ಲೆ ಯುರೋಪಿನಲ್ಲಿ ಮುಂದೆ ನಿಂತು ಕನ್ನಡ ಮೊಳೆ ಮಾಡಿಸಿದರು. 1851ರ ಹೊತ್ತಿಗೆ ಯಂತ್ರ ಬಲ್ಲ ಪ್ಲೆಬ್ಸ್ಟ್ ಅವನ್ನು ತಂದು ಮುದ್ರಣ ಶುರುಮಾಡಿದರು. ಮೋಗ್ಲಿಂಗ್ ಕೊಡಗಿಗೆ ಹೋದರು, ಕೊಡಗಿನ ಬಗ್ಗೆ ಪುಸ್ತಕ ಬರೆದರು, 1860ರಲ್ಲಿ ಜರ್ಮನಿಗೆ ಮರಳಿದರು. 1881ರ ಮೇ ತಿಂಗಳಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಮಂಗಳೂರಿನ ಆ ಮುದ್ರಣಾಲಯ ನಡೀತಾನೇ ಇತ್ತು. 1894ರಲ್ಲಿ ಕಿಟ್ಟೆಲ್ ನಿಘಂಟು ಬಂದದ್ದು ಅಲ್ಲಿಂದಲೇ.