ಅರ್ಧ ಗಂಟೆಯ ಲೆಕ್ಕ

ವಾರಕ್ಕೆ ಮೂರು ದಿನ ಅಣ್ಣನನ್ನು ಹರಿಹರದಿಂದ ದಾವಣಗೆರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ನಾಲ್ಕು ಗಂಟೆಯ ಚಿಕಿತ್ಸೆಯನ್ನು ಅರ್ಧ ಗಂಟೆ ಮೊದಲೇ ಮುಗಿಸಿ ಬಸ್ ಹಿಡಿಯೋಣವೆಂದು ಅವನು ಹಟ ಮಾಡಿದಾಗಲೆಲ್ಲ, ಗಣಿತದ ಮೇಷ್ಟರಾಗಿದ್ದ ನನಗೆ ಥಾಮಸ್ ಗ್ರಹಾಂ ನೆನಪಾಗುತ್ತಾನೆ. ಡಯಾಲಿಸಿಸ್ ಎಂಬ ಪದವನ್ನು ರಸಾಯನಶಾಸ್ತ್ರಕ್ಕೆ ಕೊಟ್ಟವನು ಆತನೇ.

1805ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಗ್ರಹಾಂ ಪಾದ್ರಿಯಾಗಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಮಗ ರಸಾಯನಶಾಸ್ತ್ರವನ್ನು ಆರಿಸಿಕೊಂಡಾಗ ತಂದೆ ದೂರವಾದರು, ತಾಯಿ ಕೈಬಿಡಲಿಲ್ಲ. ಅನಿಲಗಳು ಹರಡುವ ವೇಗವು ಅವುಗಳ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ ಎಂಬ ನಿಯಮ ಆತನಿಗೆ ಕೀರ್ತಿ ತಂದಿತು. 1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. 1855ರಲ್ಲಿ, ಹಿಂದೆ ನ್ಯೂಟನ್ ಅಲಂಕರಿಸಿದ್ದ ಟಂಕಸಾಲೆಯ ಮುಖ್ಯಸ್ಥನ ಹುದ್ದೆಗೆ ಬಂದ.

ಆ ಹುದ್ದೆಯಲ್ಲಿದ್ದಾಗಲೇ, 1861ರಲ್ಲಿ, ಬಳೆಯೊಂದಕ್ಕೆ ಹದಗೊಳಿಸಿದ ಕಾಗದವನ್ನು ಬಿಗಿದು ನೀರಿನ ಮೇಲೆ ತೇಲಿಸಿದ ಪ್ರಯೋಗಗಳನ್ನು ಪ್ರಕಟಿಸಿದ. ಒಳಗಿಟ್ಟ ದ್ರಾವಣದಿಂದ ಸಕ್ಕರೆ ನೀರಿಗಿಳಿಯಿತು, ಗೋಂದು ಉಳಿಯಿತು. ಮೂತ್ರದಿಂದ ಯೂರಿಯಾವನ್ನೂ ಆತ ಹೀಗೆಯೇ ಬೇರ್ಪಡಿಸಿದ. 1869ರಲ್ಲಿ ತೀರಿಕೊಂಡ ಗ್ರಹಾಂಗೆ ಈ ಸೋಸುವಿಕೆ ರೋಗಿಯ ಹಾಸಿಗೆಯ ಬಳಿಗೆ ಬಂದುದನ್ನು ಕಾಣುವ ಯೋಗವಿರಲಿಲ್ಲ. 1943ರಲ್ಲಿ ನೆದರ್‌ಲೆಂಡ್ಸ್‌ನ ವಿಲ್ಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಯಿಂದ ಕೃತಕ ಮೂತ್ರಪಿಂಡ ರೂಪಿಸಿದರು. ಗ್ರಹಾಂನ ಕಾಗದವೂ ಕೋಲ್ಫರ ಕೊಳವೆಯೂ ಸೆಲ್ಯುಲೋಸ್. ನಮ್ಮ ಹೊಳೆಯಾಚೆಯ ಕುಮಾರಪಟ್ಟಣದ ಕಾರ್ಖಾನೆ ರೇಯಾನ್‌ಗಾಗಿ ಮರದಿಂದ ತೆಗೆಯುವ ತಿರುಳೂ ಅದೇ.

ರಕ್ತ ಎಷ್ಟು ಶುದ್ಧವಾದರೆ ಸಾಕು ಎಂಬ ಪ್ರಶ್ನೆಗೆ 1985ರಲ್ಲಿ ಗಾಚ್ ಮತ್ತು ಸಾರ್ಜೆಂಟ್ ಒಂದು ಸೂತ್ರ ಕೊಟ್ಟರು: ನಿಮಿಷಕ್ಕೆ ಶುದ್ಧವಾಗುವ ರಕ್ತದ ಪ್ರಮಾಣವನ್ನು ಚಿಕಿತ್ಸೆಯ ಸಮಯದಿಂದ ಗುಣಿಸಿ, ದೇಹದಲ್ಲಿರುವ ನೀರಿನಿಂದ ಭಾಗಿಸಬೇಕು. ವಾರಕ್ಕೆ ಮೂರು ಬಾರಿ ಚಿಕಿತ್ಸೆ ಪಡೆಯುವವರಿಗೆ ಪ್ರತಿ ಸಲವೂ ಉತ್ತರ ಕನಿಷ್ಠ 1.2 ಇರಬೇಕೆಂಬುದು ಇಂದು ವ್ಯಾಪಕವಾಗಿ ಒಪ್ಪಿತವಾದ ಮಾನದಂಡ.

ಅಣ್ಣನ ತೂಕ 60 ಕಿಲೋ. ದೇಹದ ನೀರು ಸುಮಾರು 36 ಲೀಟರ್. ನಿಮಿಷಕ್ಕೆ 200 ಮಿಲಿಲೀಟರ್‌ನಂತೆ 240 ನಿಮಿಷಕ್ಕೆ 48 ಲೀಟರ್ ಶುದ್ಧವಾದರೆ ಉತ್ತರ 1.33. ಅರ್ಧ ಗಂಟೆ ಕಳೆದರೆ 42 ಲೀಟರ್, ಉತ್ತರ 1.17. ಅವನಿಗೆ ಬೇಡವೆನಿಸುವ ಆ ಅರ್ಧ ಗಂಟೆಯಲ್ಲೇ ಗೆರೆಯ ಆಚೆ ಈಚೆ ತೀರ್ಮಾನವಾಗಿಬಿಡುತ್ತದೆ. ಪ್ರತಿಯೊಬ್ಬರ ಅಂಕಿಗಳು ಬೇರೆ, ಅವನ್ನು ವೈದ್ಯರೇ ಹೇಳಬೇಕು. ಆದರೆ ಸಮಯವನ್ನು ಬಿಟ್ಟು ಯಾರ ಲೆಕ್ಕವೂ ಕೂಡುವುದಿಲ್ಲ.

ಇದನ್ನು ಚೀಟಿಯಲ್ಲಿ ಬರೆದು ಅಣ್ಣನಿಗೆ ಕೊಟ್ಟಿದ್ದೇನೆ. ಈಗ ನಾವು ಮುಂದಿನ ಬಸ್ಸಿಗೆ ಹೊರಡುತ್ತೇವೆ.