ಕುರ್ಚಿ ಬಿಟ್ಟ ಮೇಲೆ ಮೂವತ್ತೆರಡು ವರ್ಷ: ಎಸ್. ನಿಜಲಿಂಗಪ್ಪನವರ ಬದುಕು



ಚುನಾವಣೆ ಹತ್ತಿರ ಬಂದರೆ ಸಾಕು, ನಮ್ಮ ಕಡೆಯ ಕಟ್ಟೆಗಳಲ್ಲಿ, ಚಹಾದಂಗಡಿಗಳಲ್ಲಿ ಒಂದೇ ಚರ್ಚೆ. ಹಿರಿಯರು ಈ ಸಲ ನಿಲ್ಲುತ್ತಾರೋ ಇಲ್ಲವೋ? ನಿಲ್ಲದಿದ್ದರೆ ಟಿಕೆಟ್ ಮಗನಿಗೋ, ಶಿಷ್ಯನಿಗೋ, ಹೊರಗಿನವರಿಗೋ? ಈ ಪ್ರಶ್ನೆ ಇಂದಿನದಲ್ಲ. ಏಕೀಕೃತ ಕರ್ನಾಟಕದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಬದುಕಿನಲ್ಲಿ ಇದು ಮತ್ತೆ ಮತ್ತೆ ಎದುರಾಯಿತು. ಅವರು ನಮ್ಮ ಶಿಗ್ಗಾಂವ ಕ್ಷೇತ್ರದ ಶಾಸಕರೂ ಆಗಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ರಾಣೇಬೆನ್ನೂರ ತಾಲ್ಲೂಕಿನಿಂದ ತುಂಗಭದ್ರೆ ದಾಟಿದರೆ ಹರಪನಹಳ್ಳಿ ಸೀಮೆ. ಅಲ್ಲಿಯ ಹಲುವಾಗಲು ಗ್ರಾಮದಲ್ಲಿ 1902ರ ಡಿಸೆಂಬರ್ 10ರಂದು ನಿಜಲಿಂಗಪ್ಪನವರು ಜನಿಸಿದರು. ಸಣ್ಣ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರೂ ಓದು ಬಿಡಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲರಾದರು. 1939ರಲ್ಲಿ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹದ ಮುಂದಾಳಾಗಿ ಜೈಲು ಸೇರಿದರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಆಗ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವ ಎಲ್ಲವೂ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ನವಾಬರ ಸಂಸ್ಥಾನವಾಗಿದ್ದ ಸವಣೂರು 1948ರಲ್ಲಿ ಅದೇ ಮುಂಬಯಿಯಲ್ಲಿ ವಿಲೀನವಾಗಿತ್ತು. ಇವೆಲ್ಲ ಒಂದಾಗಲು ದುಡಿದವರಲ್ಲಿ ನಿಜಲಿಂಗಪ್ಪನವರು ಮುಂಚೂಣಿಯಲ್ಲಿದ್ದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ಕೇವಲ ಎರಡೂವರೆ ತಿಂಗಳು ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರು ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟರು.

ಆದರೆ ನಾಡು ಕಟ್ಟಿದವರ ಕುರ್ಚಿಯೂ ಶಾಶ್ವತವಲ್ಲ. ಪಕ್ಷದೊಳಗಿನ ಭಿನ್ನಮತದಿಂದ 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪನವರು ಇಳಿಯಬೇಕಾಯಿತು. ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರ ಚುನಾವಣೆಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ಪಕ್ಷಕ್ಕೆ ಬಹುಮತ ಬಂದರೂ ಅವರೇ ಹೊಸದುರ್ಗದಲ್ಲಿ ಸೋತರು.

ಆಗ ಮುಂದೆ ಬಂದವರು ಎಸ್.ಆರ್. ಕಂಠಿ. ಹುನಗುಂದದಿಂದ ಗೆದ್ದಿದ್ದ, ವಿಧಾನಸಭೆಯ ಸ್ಪೀಕರ್ ಆಗಿದ್ದ ಕಂಠಿಯವರು 1962ರ ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಗೆದ್ದು ಬಂದ ಕೂಡಲೇ, ಮೂರು ತಿಂಗಳು ಚಿಲ್ಲರೆ ದಿನಗಳ ನಂತರ ಕುರ್ಚಿ ಬಿಟ್ಟು, ಅವರ ಸಂಪುಟದಲ್ಲಿಯೇ ಶಿಕ್ಷಣ ಸಚಿವರಾದರು. ಮುಖ್ಯಮಂತ್ರಿಯಾದವರು ಸಚಿವರಾಗಿ ಕೆಲಸ ಮಾಡುವುದು ಸಣ್ಣ ಮಾತಲ್ಲ. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಆರಂಭವಾದದ್ದು ಅವರು ಶಿಕ್ಷಣ ಸಚಿವರಾಗಿದ್ದಾಗಲೇ. ಹುದ್ದೆ ಚಿಕ್ಕದಾದರೂ ಕೆಲಸ ಚಿಕ್ಕದಾಗಬೇಕಿಲ್ಲ ಎಂದು ಕಂಠಿಯವರು ತೋರಿಸಿಕೊಟ್ಟರು.

ನಿಜಲಿಂಗಪ್ಪನವರ ಎರಡನೇ ಅವಧಿಯಲ್ಲಿ ಶರಾವತಿಯ ವಿದ್ಯುತ್ ಯೋಜನೆ ಕೈಗೂಡಿತು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದಿತು. ಅದೇ ವರ್ಷ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. 1967ರ ಚುನಾವಣೆಯಲ್ಲಿ ಅವರು ಶಿಗ್ಗಾಂವ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿ ಮುಂದುವರಿದರು. ಬಸವರಾಜ ಬೊಮ್ಮಾಯಿಯವರು 2021ರಲ್ಲಿ ಮುಖ್ಯಮಂತ್ರಿಯಾದಾಗ ಅದೇ ಕ್ಷೇತ್ರಕ್ಕೆ ಆ ಗೌರವ ಮತ್ತೊಮ್ಮೆ ಬಂತು.

1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಈಗ ಉತ್ತರಾಧಿಕಾರಿಯನ್ನು ಹುಡುಕುವ ಸರದಿ ಅವರದು. ವೀರೇಂದ್ರ ಪಾಟೀಲ ಮತ್ತು ರಾಮಕೃಷ್ಣ ಹೆಗಡೆ ಇಬ್ಬರೂ ಅವರ ಗರಡಿಯಲ್ಲಿ ಪಳಗಿದವರು. ಜನ ಅವರನ್ನು ಲವ-ಕುಶ ಎನ್ನುತ್ತಿದ್ದರು. ಮೇ 29ರಂದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಮಗನಿಗಲ್ಲ, ಪಳಗಿದ ಶಿಷ್ಯನಿಗೆ ಅಧಿಕಾರ ಸಿಕ್ಕಿತು. ಎಲ್ಲವೂ ಸುಸೂತ್ರವಾಯಿತು ಎಂದೇ ಕಂಡಿತು.

ಆದರೆ ಮರುವರ್ಷವೇ ರಾಷ್ಟ್ರಪತಿ ಚುನಾವಣೆಯ ವಿಷಯದಲ್ಲಿ ಕಾಂಗ್ರೆಸ್ಸಿನಲ್ಲಿ ಬಿರುಕು ಮೂಡಿತು. 1969ರ ನವೆಂಬರಿನಲ್ಲಿ ನಿಜಲಿಂಗಪ್ಪನವರ ಅಧ್ಯಕ್ಷತೆಯ ಪಕ್ಷ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಹೊರಹಾಕಿತು. ಪಕ್ಷ ಎರಡಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಬಣದ ಪಾಲಾದವು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. 1972ರ ವಿಧಾನಸಭಾ ಚುನಾವಣೆಯಲ್ಲಿ ಆ ಬಣ 216ರಲ್ಲಿ 165 ಸ್ಥಾನ ಗೆದ್ದಿತು. ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು.

ಅರಸರೂ ಒಂದು ಕಾಲಕ್ಕೆ ನಿಜಲಿಂಗಪ್ಪನವರ ಸಂಪುಟದಲ್ಲಿದ್ದವರೇ. ಆದರೆ ನಿಜಲಿಂಗಪ್ಪನವರು ಆರಿಸಿದ ಉತ್ತರಾಧಿಕಾರಿ ಅವರಲ್ಲ. ಹಿರಿಯರ ಲೆಕ್ಕದಲ್ಲಿ ಇರದ ಅದೇ ಅರಸರು ಉಳುವವನಿಗೆ ಭೂಮಿ ಸಿಗುವ ಕಾನೂನು ತಂದರು. ನಮ್ಮ ರಾಣೇಬೆನ್ನೂರಿನ ಎಲ್.ಜಿ. ಹಾವನೂರರನ್ನು ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ಮಾಡಿದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಟ್ಟವರೂ ಅವರೇ. ನಿಜಲಿಂಗಪ್ಪನವರ ಇಬ್ಬರು ಶಿಷ್ಯರೂ ಕಾಲ ಬಂದಾಗ ಮೇಲೆ ಬಂದರು. 1983ರಲ್ಲಿ ಹೆಗಡೆಯವರು ಜನತಾ ಪಕ್ಷದಿಂದ, 1989ರಲ್ಲಿ ವೀರೇಂದ್ರ ಪಾಟೀಲರು ಕಾಂಗ್ರೆಸ್ಸಿನಿಂದ ಮುಖ್ಯಮಂತ್ರಿಗಳಾದರು. ಆಗ ಅವರಿಬ್ಬರನ್ನೂ ಏರಿಸಿದ್ದು ಗುರುವಿನ ಕೈಯಲ್ಲ, ಮತದಾರರ ಕೈ.

ಇಷ್ಟೆಲ್ಲ ಆಗುವಾಗ ನಿಜಲಿಂಗಪ್ಪನವರು ಎಲ್ಲಿದ್ದರು? ಕ್ರಮೇಣ ಪಕ್ಷ ರಾಜಕಾರಣದಿಂದ ದೂರ ಸರಿದು ಚಿತ್ರದುರ್ಗದ ತಮ್ಮ ಮನೆಯಲ್ಲಿ ಸರಳವಾಗಿ ಬದುಕುತ್ತಿದ್ದರು. ತಮ್ಮ ಜೀವನಕಥೆ ಬರೆದರು. ಮುಖ್ಯಮಂತ್ರಿ ಪದವಿ ಬಿಟ್ಟ ಮೇಲೆ ಮೂವತ್ತೆರಡು ವರ್ಷ ಬಾಳಿ, 2000ದ ಆಗಸ್ಟ್ 8ರಂದು 97ನೇ ವಯಸ್ಸಿನಲ್ಲಿ ತೀರಿಕೊಂಡರು. ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ಹೆದ್ದಾರಿಯ ಪಕ್ಕ ಅವರ ಸ್ಮಾರಕವಿದೆ.

ಮಿತ್ರರೇ, ಹಿರಿಯರು ಯಾರನ್ನು ಬೇಕಾದರೂ ಬೆಳೆಸಬಹುದು. ಅದು ಅವರ ಕರ್ತವ್ಯವೂ ಹೌದು. ಆದರೆ ಕುರ್ಚಿ ಅವರ ಆಸ್ತಿಯಲ್ಲ, ಉಯಿಲು ಬರೆದು ಕೊಡಲು ಬರುವುದಿಲ್ಲ. ನಿಜಲಿಂಗಪ್ಪನವರ ಕಾಲದಲ್ಲಿ 21 ವರ್ಷ ತುಂಬಿದವರಿಗಷ್ಟೇ ಮತದ ಹಕ್ಕಿತ್ತು. 1989ರಿಂದ ಅದು 18ಕ್ಕೆ ಇಳಿದಿದೆ. ದ್ವಿತೀಯ ಪಿಯುಸಿಯಲ್ಲಿರುವ ನಿಮ್ಮಲ್ಲಿ ಹಲವರು ಇಷ್ಟರಲ್ಲೇ ಮತದಾರರ ಪಟ್ಟಿಗೆ ಸೇರುವಿರಿ. ಮುಂದಿನವರು ಯಾರು ಎಂದು ಕಟ್ಟೆಯ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಬರೆಯುವವರು ಕೊನೆಗೆ ನೀವೇ. ಹೆಸರು ಸೇರಿಸುವ ಅರ್ಜಿಯನ್ನು ಮರೆಯದೇ ತುಂಬಿ.