ಸೊನ್ನೆಯಿಂದ ಭಾಗಿಸಿದರೆ ಎಷ್ಟು? ಮಹಾವೀರಾಚಾರ್ಯರ ಒಂದು ಸರಿ, ಒಂದು ತಪ್ಪು

ಗಣಿತಜ್ಞ ಮಹಾವೀರಾಚಾರ್ಯರ ಬಗ್ಗೆ ಫಾರ್ವರ್ಡ್ ಬಂದರೆ, ಮುಂದೆ ಕಳಿಸುವ ಮುನ್ನ ಎರಡು ವಿಷಯ ನೆನಪಿರಲಿ. ಇವರು ತೀರ್ಥಂಕರ ವರ್ಧಮಾನ ಮಹಾವೀರರಲ್ಲ, ಅವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನವರು. ಪ್ರೋಗ್ರಾಮಿಂಗ್ ಕಂಡುಹಿಡಿದವರೂ ಅಲ್ಲ. ಆದರೆ ಇಂದಿನ ಪ್ರೋಗ್ರಾಮರ್‌ಗಳು ತಲೆ ಕೆಡಿಸಿಕೊಳ್ಳುವ ಒಂದು ಪ್ರಶ್ನೆ ಇವರ ಪುಸ್ತಕದಲ್ಲೂ ಇದೆ.

ಆಚಾರ್ಯರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814–878) ಕಾಲದ ಜೈನ ವಿದ್ವಾಂಸರು. ಆಗಿನ ರಾಜಧಾನಿ ಮಾನ್ಯಖೇಟವೇ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳ ಗ್ರಂಥದ ಒಂದು ಭಾಗವಾಗಿ ಇಟ್ಟಿದ್ದರು. ಇವರದು ಪೂರ್ತಿ ಗಣಿತದ್ದೇ ಪುಸ್ತಕ. ಬಡ್ಡಿ, ಚಿನ್ನದ ಬೆರಕೆ, ಮಾವಿನಹಣ್ಣಿನ ಹಂಚಿಕೆ, ಎಲ್ಲ ಲೆಕ್ಕವೂ ಉಂಟು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಅಚ್ಚಾಯಿತು.

ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದರು ಆಚಾರ್ಯರು. ಆಗ ಗೊತ್ತಿದ್ದ ಸಂಖ್ಯೆಗಳ ಮಟ್ಟಿಗೆ ಅದು ಸರಿ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದ ಹಾಗೇ ಉಳಿಯುತ್ತದೆ ಎಂದೂ ಹೇಳಿದರು. ಇದು ತಪ್ಪು.

ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಫಂಕ್ಷನ್ ಎಂದರೆ ಹಿಟ್ಟಿನ ಗಿರಣಿ ಇದ್ದಂತೆ. ಅದೇ ರಾಗಿ ಹಾಕಿದರೆ ಯಾವಾಗಲೂ ಅದೇ ಹಿಟ್ಟು ಬರಬೇಕು. ಹಾಗಾದರೆ ಉತ್ತರವೇ ಇಲ್ಲದ ಲೆಕ್ಕ ಹಾಕಿದರೆ?

ಹನೂರಿನಿಂದ ಕೊಳ್ಳೇಗಾಲಕ್ಕೆ ರೇಷ್ಮೆಗೂಡು ಸಾಗಿಸುವ ಟೆಂಪೊ ಬಾಡಿಗೆಯನ್ನು ರೈತರಿಗೆ ಹಂಚುವ ಆ್ಯಪ್ ಇದೆ ಎಂದುಕೊಳ್ಳಿ. ಬಾಡಿಗೆ 1,200 ರೂಪಾಯಿ, ಅಂದು ಯಾರೂ ಗೂಡು ತರಲಿಲ್ಲ. ಆಚಾರ್ಯರ ನಿಯಮದಂತೆ ಆ್ಯಪ್ ತಲಾ 1,200 ಎಂದು ತೋರಿಸುತ್ತದೆ. ನೋಡಿದವರಿಗೆ ಅನುಮಾನವೂ ಬರುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಹ್ಯಾಸ್ಕೆಲ್ ಭಾಷೆಯಲ್ಲಿ ಇದಕ್ಕೆ ‘ಮೇಬಿ’ ಎಂಬ ಉಪಾಯವಿದೆ. ಉತ್ತರವನ್ನು ಡಬ್ಬಿಯಲ್ಲಿಟ್ಟು ಕೊಡುತ್ತದೆ, ಡಬ್ಬಿ ಖಾಲಿಯೂ ಇರಬಹುದು. ವರ್ಗಮೂಲಕ್ಕೆ ಆಚಾರ್ಯರು ಹೇಳಿದ್ದು ಹೆಚ್ಚುಕಡಿಮೆ ಇದೇ. ಇದರಲ್ಲಿ ತಪ್ಪು ಮುಚ್ಚಿಹೋಗುವುದಿಲ್ಲ, ಆದರೆ ಪ್ರತಿ ಹಂತದಲ್ಲೂ ಡಬ್ಬಿ ತೆರೆದು ನೋಡಬೇಕು, ಕೋಡ್ ಉದ್ದವಾಗುತ್ತದೆ. ನಮ್ಮ ಮಟ್ಟಿಗೆ, ದುಡ್ಡಿನ ಲೆಕ್ಕಕ್ಕೆ ಆ ಕಿರಿಕಿರಿಯೇ ವಾಸಿ.

ಹಾಗಂತ ಆಚಾರ್ಯರನ್ನು ನೋಡಿ ನಗಬೇಡಿ. ಗಣಿತದ ಸಾಧನೆಗಳನ್ನು ಪರಿಶೀಲಿಸುವ ‘ಲೀನ್’ ಭಾಷೆಯಲ್ಲಿ ಇಂದಿಗೂ ಸೊನ್ನೆಯಿಂದ ಭಾಗಿಸಿದರೆ ಉತ್ತರ ಸೊನ್ನೆ. ಪ್ರತಿ ಸಲ ಡಬ್ಬಿ ತೆರೆಯುವ ಗೋಜು ಬೇಡವೆಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಆದರೆ ಅಲ್ಲಿ ಭಾಗಾಕಾರದ ಪ್ರಮೇಯ ಬಳಸುವಾಗ, ಬೇಕಾದ ಕಡೆ ಭಾಜಕ ಸೊನ್ನೆಯಲ್ಲ ಎಂದು ಮೊದಲು ತೋರಿಸಬೇಕು. ಆಚಾರ್ಯರ ನಿಯಮದಲ್ಲಿ ಆ ಷರತ್ತು ಇರಲಿಲ್ಲ.